ನಿಲ್ಲುಗಲ್ಲು ನಿಂತ ಬಗೆ

ನಾರಿನಹಟ್ಟಿಯ ಪಡುವಣ ದಿಕ್ಕಿಗೆ, ಊರು ಮುಗಿದು ಕರಡಿಗುಡ್ಡ ಶುರುವಾಗುವ ಮೊದಲು, ಉದ್ದನೆಯ ಬೋಳು ದಿನ್ನೆಯೊಂದಿದೆ. ದಿನ್ನೆಯ ಮೇಲೆ ಗಾಡಿಯೊಂದರ ಅಗಲದ ನೇರವಾದ ಜಾಡು. ಮಳೆಗಾಲದಲ್ಲಿ ಎರಡೂ ಕಡೆ ಹುಲ್ಲು ಮೊಣಕಾಲೆತ್ತರ ಬೆಳೆದರೂ ಆ ಜಾಡಿನಲ್ಲಿ ಒಂದು ಗರಿಕೆ ಏಳುವುದಿಲ್ಲ. ಮೂಡಣ ತುದಿಯಲ್ಲಿ ಹುಣಸೆಮರ, ಅದರ ಬುಡದಲ್ಲಿ ನೆಲಕ್ಕೆ ಹೂತ ಎರಡು ಕಲ್ಲುಕಂಬ. ಅಲ್ಲಿಂದ ಹೊರಟ ಜಾಡು ಮೆಲ್ಲಗೆ ಏರಿ, ನಡುವೆ ಎತ್ತಿನ ಇಣಿಯಂತೆ ಉಬ್ಬಿ, ಆಚೆಗೆ ಇಳಿದು, ಮಣ್ಣು ತೀರಿ ಬರಿಯ ಬಂಡೆಯಾಗಿ, ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಮುಂದೆ ಹತ್ತಾಳು ಆಳದ ಕಮರಿ. ಆ ಅಂಚಿಗೆ ಎರಡು ಹೆಜ್ಜೆ ಈಚೆ, ಬಂಡೆಯಲ್ಲಿ ಕುಳಿ ಕೊರೆದು ಕೂರಿಸಿದ ಗೇಣೆತ್ತರದ ಕಲ್ಲೊಂದಿದೆ. ಅದರ ಮೇಲೆ ಬರಹವಿಲ್ಲ, ಶಿಲ್ಪವಿಲ್ಲ. ಮೂಡಣಕ್ಕೆ ಮುಖ ಮಾಡಿದ ಬದಿ ಮಾತ್ರ ಒಳಕಲ್ಲಿನ ಹಾಗೆ ನುಣುಪಾಗಿ ಸವೆದಿದೆ. ಇದೇ ನಿಲ್ಲುಗಲ್ಲು. ದಿನ್ನೆಗೂ ಇದರಿಂದಲೇ ನಿಲ್ಲುಗಲ್ಲು ದಿನ್ನೆ ಎಂದು ಹೆಸರು.

ಮುಂದೆ ಕಮರಿಯಿದೆ, ಬಂದವರು ಇಲ್ಲೇ ನಿಲ್ಲಲಿ ಎಂದು ಯಾರೋ ಪುಣ್ಯಾತ್ಮರು ಇಟ್ಟ ಕಲ್ಲು ಎಂದು ಹೊರಗಿನವರು ಊಹಿಸುತ್ತಾರೆ. ಊಹೆ ಪೂರ್ತಿ ತಪ್ಪೇನಲ್ಲ. ಆದರೆ ಎದುರಿಗೆ ನೋಡಿಕೊಂಡು ನಡೆದು ಬರುವವನಿಗೆ ಕಲ್ಲಿನ ಎಚ್ಚರಿಕೆ ಬೇಕಿಲ್ಲ, ಕಮರಿಯೇ ಕಾಣುತ್ತದೆ. ಇದು ಬೆನ್ನು ಹಿಂದಾಗಿ ನಡೆದು ಬರುವವರಿಗಾಗಿ ಇದ್ದ ಕಲ್ಲು. ಕಣ್ಣಿಗಲ್ಲ, ಹಿಮ್ಮಡಿಗೆ ‘ನಿಲ್ಲು’ ಎಂದು ಹೇಳುತ್ತಿದ್ದ ಕಲ್ಲು.

ನಾರಿನಹಟ್ಟಿ ಹಗ್ಗ ಹೊಸೆಯುವವರ ಊರು. ಪುಂಡಿಯ ಗಿಡ ಬೆಳೆದು, ಕೆರೆಯಲ್ಲಿ ಕೊಳೆಯಿಟ್ಟು, ನಾರು ಸುಲಿದು, ಹಗ್ಗ ಮಾಡಿ ಬದುಕಿದವರು. ಅವರ ಮಾತಿನಲ್ಲಿ ನಾರು ತಿರುಚಿ ತೆಗೆದದ್ದು ಎಳೆ. ಮೂರು ಎಳೆ ಒಂದರ ಮೇಲೊಂದು ಸುತ್ತಿ ಕೂಡಿದ್ದು ಹುರಿ. ಹುರಿಯಾದ ಮಾತ್ರಕ್ಕೆ ಅದನ್ನು ಅವರು ಹಗ್ಗ ಎನ್ನುವುದಿಲ್ಲ. ಅದು ಒಮ್ಮೆ ಭಾರ ಎಳೆದು ತಡೆದುಕೊಳ್ಳಬೇಕು, ಆಮೇಲೆ ಆ ಹೆಸರು. ಎಳೆದು ಎಳೆದು ಹಗ್ಗ ತುಂಡಾದರೆ ‘ಹರಿಯಿತು’ ಎಂಬ ಮಾತು ಆ ಊರಿನ ಬಾಯಲ್ಲಿ ಬರುವುದಿಲ್ಲ, ‘ದಣಿಯಿತು’ ಎನ್ನುತ್ತಾರೆ. ನೇಣು ಎಂಬುದು ಹಳಗಾಲದಲ್ಲಿ ಬರಿಯ ಹಗ್ಗಕ್ಕೇ ಇದ್ದ ಹೆಸರು. ಈಗ ಒಂದೇ ಒಂದು ಕೆಲಸಕ್ಕೆ ಉಳಿದಿದೆ. ಮಾತುಗಳ ಪಾಡು ಹೀಗೆ. ನಾರಿನಹಟ್ಟಿಯಲ್ಲಿ ಬಾಯಿಂದ ಆಡದ ಮಾತೂ ಒಂದಿತ್ತು. ಅದರ ಅರ್ಥ ಒಂದೇ ದಿನದಲ್ಲಿ ಬದಲಾದದ್ದೇ ಈ ಕಲ್ಲಿನ ಕತೆ.

ಕರಡಿಗುಡ್ಡದ ಮೇಲೆ ನಾಯಕರು ಕಟ್ಟಿಸುತ್ತಿದ್ದ ಕೋಟೆ ಇನ್ನೂ ಅರ್ಧವೇ ಎದ್ದಿದ್ದ ಕಾಲ ಅದು. ಹುಣಸೆಮರದ ಬುಡದ ಕಲ್ಲುಕಂಬಗಳಿಗೆ ಬಿಗಿದ, ನಾರು ತಿರುಚುವ ರಾಟೆ ಆಗ ಪಾಲಯ್ಯನದಾಗಿತ್ತು, ಜಾಡು ಅವನ ಹೆಂಡತಿ ಕೆಂಚಕ್ಕನದು. ರಾಟೆಯ ಕೊಕ್ಕೆಗೆ ನಾರಿನ ತುದಿ ಸಿಕ್ಕಿಸಿ ಪಾಲಯ್ಯ ತಿರುಗಿಸುತ್ತ ಕೂರುವನು. ಸೊಂಟಕ್ಕೆ ನಾರಿನ ಕಟ್ಟು ಬಿಗಿದುಕೊಂಡ ಕೆಂಚಕ್ಕ ಎರಡೂ ಕೈಯಿಂದ ನಾರು ಬಿಡುತ್ತ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋಗುವಳು. ಅವಳು ಹೋದಷ್ಟು ದೂರ ಎಳೆ ಬೆಳೆಯುವುದು. ನಡೆಯುವವರು ತಿರುಗಿ ನೋಡಿದರೆ ಕೈಯ ಹದ ತಪ್ಪಿ ಎಳೆ ಒಂದು ಕಡೆ ಉಬ್ಬಿ ಒಂದು ಕಡೆ ಸೊರಗುತ್ತದೆ. ಆದ್ದರಿಂದ ತಿರುಗಿ ನೋಡುವಂತಿರಲಿಲ್ಲ. ಜಾಡಿನ ಕೊನೆಯಲ್ಲಿ, ಆಗಿನ್ನೂ ಮಣ್ಣಿರುವ ಕಡೆಯಲ್ಲೇ, ಈ ಕಲ್ಲು ನೆಟ್ಟಿತ್ತು. ಹಿಮ್ಮಡಿಗೆ ಕಲ್ಲು ತಾಗಿತೆಂದರೆ ತೊಂಬತ್ತು ಮಾರು ಆಯಿತೆಂದು ಲೆಕ್ಕ. ಎರಡು ತೋಳು ಚಾಚಿದರೆ ಒಂದು ಮಾರು. ಪಾಲಯ್ಯನ ತಾಯಿ, ಅಜ್ಜಿ, ಅಜ್ಜಿಯ ಅತ್ತೆ, ಎಲ್ಲರೂ ಅದೇ ಕಲ್ಲಿಗೆ ಹಿಮ್ಮಡಿ ತಾಗಿಸಿ ನಿಂತವರು. ಅದರ ಮುಖ ಸವೆದದ್ದು ಹಾಗೆ.

ಉಬ್ಬು ದಾಟಿದ ಮೇಲೆ ನಡೆಯುವವಳು ರಾಟೆಯವನಿಗೆ ಕಾಣುವುದಿಲ್ಲ, ಕೂಗಿದರೂ ಕೇಳುವುದಿಲ್ಲ. ಆಗ ಇಬ್ಬರ ನಡುವೆ ಉಳಿಯುವುದು ಎಳೆಯೊಂದೇ. ಅದಕ್ಕೆಂದೇ ಒಂದು ಜಗ್ಗುಮಾತು ಬೆಳೆದಿತ್ತು. ಒಂದು ಸಲ ಜಗ್ಗಿದರೆ ‘ಇನ್ನಷ್ಟು ತಿರುವು ಕೊಡು’. ಎರಡು ಜಗ್ಗಿದರೆ ‘ತಡಿ’. ಮೂರು ಜಗ್ಗಿದರೆ ‘ಕಲ್ಲು ತಾಗಿತು, ಬಂದೆ’. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಅವರಿಬ್ಬರು ಬಾಯಿಂದ ಆಡಿದ್ದಕ್ಕಿಂತ ಎಳೆಯ ಮೇಲೆ ಆಡಿದ್ದೇ ಹೆಚ್ಚು ಎಂದು ಊರವರು ನಗುತ್ತಿದ್ದರಂತೆ. ಕೆಂಚಕ್ಕನೂ ಸುಮ್ಮನಿರುವವಳಲ್ಲ.

“ನಿನ್ನ ಕೈ ಹಿಡಿದ ಲಾಗಾಯ್ತು ನಾನು ನಿನ್ನಿಂದ ದೂರ ಹೋಗಿದ್ದೇ ಹೋಗಿದ್ದು,” ಎನ್ನುವಳು.

“ಹೋದಷ್ಟು ಸಲವೂ ತಿರುಗಿ ಬಂದೀಯಲ್ಲೇ.”

“ಬರದೆ? ನಿನಗೆ ಮುದ್ದೆ ತಿರುವೋಕೆ ರಾಟೆ ಬರ್ತದಾ?”

ಅವಳು ಬರುವ ಹೊತ್ತನ್ನು ಪಾಲಯ್ಯ ಕಾಯುತ್ತಿದ್ದ. ಮೂರು ಜಗ್ಗು ಬಂದ ಮೇಲೆ ರಾಟೆ ನಿಲ್ಲಿಸಿ, ಕಣ್ಣಿನ ಮೇಲೆ ಕೈ ಮರೆಮಾಡಿ ಉಬ್ಬಿನ ಕಡೆ ನೋಡುವನು. ಮೊದಲು ತಲೆಗೆ ಸುತ್ತಿದ ಸೆರಗು ಕಾಣುವುದು, ಆಮೇಲೆ ಹಣೆ, ಆಮೇಲೆ ಮುಖ, ಆಮೇಲೆ ಖಾಲಿಯಾದ ಸೊಂಟ. ಭೂಮಿಯೇ ಅವಳನ್ನು ದಿನಕ್ಕೆ ಮೂರು ಸಲ ಹಡೆದು ಕೊಡುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಯಾರಿಗೂ ಹೇಳಿದವನಲ್ಲ.

ಆ ವರ್ಷ ಕೋಟೆಯ ಹೆಬ್ಬಾಗಿಲಿಗೆ ಮೇಲುಗಲ್ಲು ಏರಿಸಬೇಕಾಗಿತ್ತು. ಕಲ್ಲು ಕುಟಿಗರು ಗುಡ್ಡದ ಬುಡದಲ್ಲೇ ಅದನ್ನು ಒಡೆದು ಸಿದ್ಧ ಮಾಡಿದ್ದರು. ಮಲಗಿದ ಆನೆಯಷ್ಟು ದೊಡ್ಡದು. ಎಳೆಯುವ ಆಳುಗಳ ಮುಖಂಡ ಮೇಟಿ ಕಾಟಣ್ಣ ಒಂದು ಬೆಳಿಗ್ಗೆ ಹುಣಸೆಮರದ ಕೆಳಗೆ ಬಂದು ಕೂತ. ಹಿಂದಿನ ಸಲ ಬೇರೆ ಊರಿನ ಹಗ್ಗ ತಂದಿದ್ದರು. ಉದ್ದ ಸಾಲದೆ ನಡುವೆ ಎಳೆ ಸೇರಿಸಿದ್ದ ಹಗ್ಗ ಅದು. ಸೇರಿಸಿದ್ದ ಕಡೆಯಲ್ಲೇ ಬಿಟ್ಟುಕೊಂಡಿತು, ಇಳಿಜಾರಿನಲ್ಲಿ ಜಾರಿದ ಕಲ್ಲು ಇಬ್ಬರನ್ನು ಅರೆದುಹಾಕಿತ್ತು. ಒಬ್ಬ ಕಾಟಣ್ಣನ ತಮ್ಮ.

“ಎಂಬತ್ತು ಮಾರು ಹಗ್ಗ ಬೇಕು ಪಾಲಯ್ಯ. ತುದಿಯಿಂದ ತುದಿಗೆ ಒಂದೇ ಎಳೆ. ಎಲ್ಲೂ ಸೇರಿಸಬಾರದು,” ಎಂದ.

“ನನ್ನ ಜಾಡಿರೋದು ತೊಂಬತ್ತು. ಹುರಿಯಾದರೆ ಮೂರರಲ್ಲಿ ಒಂದು ಪಾಲು ಕುಗ್ತದೆ. ಅರವತ್ತು ಮಾರು ಕೊಡ್ತೀನಿ.”

“ಅರವತ್ತು ನನಗೆ ಯಾತಕ್ಕೂ ಬರಲ್ಲ. ಅಮಾವಾಸ್ಯೆ ಒಳಗೆ ಆಗಬೇಕು ಅಂತ ನಾಯಕರ ಅಪ್ಪಣೆ. ನಿನ್ನ ಕೈಲಿ ಆಗಲ್ಲ ಅಂದರೆ ಕೆಳಸೀಮೆಯಿಂದ ಹೊಸಬರನ್ನ ತಂದು ಈ ದಿನ್ನೆ ಮೇಲೆ ಕೂರಿಸ್ತಾರಂತೆ. ಕಿವಿಗೆ ಬಿದ್ದದ್ದು ಹೇಳ್ತಿದೀನಿ, ನನ್ನ ಮೇಲೆ ಸಿಟ್ಟಾಗಬೇಡ.”

ಜಾಡು ಹೋದರೆ ಪಾಲಯ್ಯನಿಗೆ ಏನೂ ಉಳಿಯುತ್ತಿರಲಿಲ್ಲ. ಹೊಲಕ್ಕೆ ಇಳಿದವನಲ್ಲ, ದನ ಕಟ್ಟಿದವನಲ್ಲ. ಕೂತಲ್ಲೇ ಲೆಕ್ಕ ಹಾಕಿದ. ನಿಲ್ಲುಗಲ್ಲಿನ ಆಚೆ ಬಂಡೆ ಇನ್ನೂ ಮೂವತ್ತೊಂದು ಮಾರಿದೆ. ಕಲ್ಲನ್ನು ಮೂವತ್ತು ಮಾರು ಅಂಚಿನ ಕಡೆಗೆ ಸರಿಸಿದರೆ ನೂರ ಇಪ್ಪತ್ತು ಮಾರಿನ ಎಳೆ. ಹುರಿಯಾದರೆ ಸರಿಯಾಗಿ ಎಂಬತ್ತು. “ಆಗ್ತದೆ ಬಿಡು,” ಎಂದ.

ಅಮಾವಾಸ್ಯೆಗೆ ಆರು ದಿನ ಉಳಿದಿತ್ತು. ಮರುದಿನ ನಸುಕಿನಲ್ಲೇ ಹೋಗಿ ಕಲ್ಲನ್ನು ಅಗೆದು ತೆಗೆದು, ಎದೆಗವಚಿಕೊಂಡು ಹೊತ್ತು, ಅಂಚಿನ ಹತ್ತಿರ ತಂದಿಟ್ಟ. ಅಲ್ಲಿ ಮಣ್ಣಿರಲಿಲ್ಲ. ಕಲ್ಲು ನೆಡಬೇಕಾದರೆ ಬಂಡೆಯಲ್ಲಿ ಕುಳಿ ಕೊರೆಯಬೇಕು, ಕುಳಿ ಕೊರೆಯಲು ಎರಡು ದಿನ ಬೇಕು, ಕುಟಿಗರಿಂದ ಉಳಿ ಕೇಳಿ ತರಬೇಕು. ಕಲ್ಲೆಳೆಯುವ ಹಗ್ಗದ ದಪ್ಪನೆಯ ಎಳೆ ದಿನಕ್ಕೆ ಒಂದೇ ಆಗುವುದು, ಮೂರು ಎಳೆಗೆ ಮೂರು ದಿನ, ಹುರಿ ಹಾಕಲು ಎರಡು ದಿನ, ನೆನೆಸಿ ಆರಿಸಲು ಒಂದು ದಿನ. ದಿನಗಳು ಅಲ್ಲಿಗೆ ಮುಗಿದಿದ್ದವು. ಕಲ್ಲಿನ ಬುಡಕ್ಕೆ ನಾಲ್ಕು ಕಲ್ಲುಚಕ್ಕೆ ಸಿಕ್ಕಿಸಿ, ಕಾಲಿನಿಂದ ಒತ್ತಿ ನೋಡಿದ. ಅಲುಗಲಿಲ್ಲ.

ಕೆಂಚಕ್ಕ ಸೊಂಟಕ್ಕೆ ನಾರು ಬಿಗಿದುಕೊಳ್ಳುತ್ತ ಒಂದೇ ಮಾತು ಕೇಳಿದಳು. “ಇವ್ನೇ, ಕಲ್ಲು ನೆಟ್ಟೀಯಾ?”

“ಹೂಂ,” ಎಂದ ಪಾಲಯ್ಯ.

“ಬಂಡೆ ಮೇಲೆ ಹೆಂಗೆ ನೆಟ್ಟೆ?”

“ನೆಟ್ಟೀನಿ ಅಂದ್ನಲ್ಲ. ಹೊತ್ತಾಗ್ತದೆ, ನಡಿ.”

ಅವಳು ಹೋಗಿ ನೋಡಲಿಲ್ಲ. ಹತ್ತೊಂಬತ್ತು ವರ್ಷ ಅವನು ಹೇಳಿದ ಕಡೆಯಲ್ಲೇ ಕಲ್ಲಿತ್ತು.

ಮೊದಲ ದಿನದ ಎಳೆ ಚೆನ್ನಾಗಿ ಬಂತು. ಎರಡನೆಯ ದಿನದ್ದು ಇನ್ನೂ ಚೆನ್ನಾಗಿ ಬಂತು. ಎರಡು ದಿನವೂ ಮೂರು ಜಗ್ಗು ಬಂದವು, ಎರಡು ದಿನವೂ ಉಬ್ಬಿನ ಮೇಲೆ ಸೆರಗು, ಹಣೆ, ಮುಖ ಕಂಡವು. “ನಿನ್ನ ಹೊಸ ಕಲ್ಲಿನ ಹತ್ತಿರ ಗಾಳಿ ಬಲು ಜೋರು. ನನ್ನ ಹಿಂದೆ ಯಾರೋ ನಿಂತು ಉಸಿರು ಬಿಟ್ಟಂಗಾಗ್ತದೆ,” ಎಂದಳು. ಎರಡೂ ಸಲ ಅವಳ ಹಿಮ್ಮಡಿ ತಾಗಿ, ಬುಡದ ಚಕ್ಕೆಗಳು ಒಂದೊಂದಾಗಿ ಸಡಿಲಗೊಂಡಿದ್ದವೆಂಬುದು ಪಾಲಯ್ಯನಿಗೆ ಗೊತ್ತಾದದ್ದು ಆಮೇಲೆ. ಎರಡನೆಯ ದಿನ ಸಂಜೆ ಹೋಗಿ ನೋಡಿ ಬರೋಣವೆಂದು ಎದ್ದಿದ್ದ. ಕಾಟಣ್ಣನ ಆಳು ಬಂದು ಕೆಲಸ ಎಲ್ಲಿಗೆ ಬಂತೆಂದು ಕೇಳಿದ, ಮಾತಿನಲ್ಲಿ ಕತ್ತಲಾಯಿತು.

ಮೂರನೆಯ ದಿನ ಮಧ್ಯಾಹ್ನ ಕೆಂಚಕ್ಕ ಉಬ್ಬು ದಾಟಿದಳು. ಎಳೆ ಸರಾಗವಾಗಿ ಹರಿಯುತ್ತಿತ್ತು. ಪಾಲಯ್ಯ ಅದರ ನಡುಕವನ್ನು ಕೈಯಲ್ಲಿ ಕೇಳುತ್ತ ರಾಟೆ ತಿರುಗಿಸುತ್ತಿದ್ದ. ನೂರು ಮಾರು, ನೂರ ಹತ್ತು. ಇನ್ನೇನು ಮೂರು ಜಗ್ಗು ಬರಬೇಕು. ಬಂದದ್ದು ಒಂದು. ಹಿಂದೆ ಎಂದೂ ಬರದಷ್ಟು ಬಲವಾದ ಜಗ್ಗು. ರಾಟೆಯ ಕಂಬವೇ ಕಿರ್ರೆಂದಿತು. ‘ಇವಳಿಗೆ ಇವತ್ತು ಸಿಟ್ಟು ಬಂದಿದೆ’ ಎಂದುಕೊಂಡು ಪಾಲಯ್ಯ ನಕ್ಕ. ಒಂದು ಜಗ್ಗು ಎಂದರೆ ತಿರುವು ಬೇಕೆಂದು. ತಿರುವು ಕೊಟ್ಟ.

ಎಳೆ ಬಿಲ್ಲಿನ ಹೆದೆಯಂತೆ ಸೆಟೆದು ನಿಂತಿತ್ತು. ಅಷ್ಟು ಬಿಗಿಯಾದ, ಅಷ್ಟು ನೇರವಾದ ಎಳೆಯನ್ನು ಅವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅದನ್ನು ನೋಡುತ್ತ ಅವನ ಮನಸ್ಸು ತುಂಬಿಬಂತು. ಇನ್ನೊಂದು ಜಗ್ಗು ಬಂತು, ಮೊದಲಿನಷ್ಟು ಬಲವಿರಲಿಲ್ಲ. ಇನ್ನಷ್ಟು ತಿರುಗಿಸಿದ. ತಡೆದು ತಡೆದು ಮತ್ತೊಂದು. ಮತ್ತೆ ತಿರುಗಿಸಿದ. ಎಳೆಯ ಮೈಮೇಲೆ ಅಲ್ಲಲ್ಲಿ ಗಂಟಿನಂತೆ ಸುರುಳಿ ಏಳತೊಡಗಿತು. ತಿರುವು ಅತಿಯಾಯಿತೆಂದು ಕೈ ಹೇಳುತ್ತಿತ್ತು. ಆದರೆ ಕೇಳುತ್ತಿದ್ದವಳು ಕೆಂಚಕ್ಕ. ಅವಳು ಹದ ತಪ್ಪಿ ಕೇಳಿದವಳಲ್ಲ. ಮತ್ತೆ ಒಂದು ಜಗ್ಗು, ಬಲು ಮೆತ್ತಗೆ, ಮಲಗಿದವರನ್ನು ಮುಟ್ಟಿ ಎಬ್ಬಿಸುವ ಹಾಗೆ. ಪಾಲಯ್ಯ ಕೊನೆಯ ಸಲ ರಾಟೆಯನ್ನು ಸುತ್ತಿದ.

ಎಳೆ ಸಡಿಲವಾಗಿ ನೆಲಕ್ಕೆ ಬಿತ್ತು.

ತುದಿ ಬಿಡಿಸಿಕೊಂಡಳು, ಬರುತ್ತಾಳೆ ಎಂದುಕೊಂಡ. ಮೂರು ಜಗ್ಗಲು ಮರೆತಳೆಂದು ಬೈಯಬೇಕೆಂದುಕೊಂಡ. ಗಡಿಗೆಯಿಂದ ನೀರು ಬಗ್ಗಿಸಿ ಕುಡಿದು, ಅವಳಿಗೂ ಒಂದು ಚೊಂಬು ತುಂಬಿಸಿಟ್ಟು, ಕಣ್ಣಿನ ಮೇಲೆ ಕೈ ಮರೆಮಾಡಿ ಉಬ್ಬಿನ ಕಡೆ ನೋಡುತ್ತ ಕೂತ. ಬರಿಯ ಬಿಸಿಲು ಕುಣಿಯುತ್ತಿತ್ತು. ಸೆರಗು ಕಾಣಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದನೋ ಅವನೂ ಹೇಳಲಿಲ್ಲ, ಹೇಳುವವರೂ ಅದನ್ನು ಕೇಳಬೇಡಿ ಎನ್ನುತ್ತಾರೆ.

ಕೊನೆಗೆ ಎದ್ದು ಹೋಗಿ ನೋಡಿದಾಗ ಬಂಡೆಯ ತುದಿಯಲ್ಲಿ ಕಲ್ಲಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ನಾಲ್ಕು ಚಕ್ಕೆ ಅಲ್ಲೇ ಬಿದ್ದಿದ್ದವು. ಅಂಚಿನ ಮೇಲೆ ಎಳೆ ಉಜ್ಜಿದ ಗುರುತು, ಒಂದೇ ಕಡೆಯಲ್ಲಲ್ಲ, ಅತ್ತಿತ್ತ ತೂಗಿದಷ್ಟೂ ಅಗಲ. ಕೆಳಗೆ ಕಲ್ಲೂ ಬಿದ್ದಿತ್ತು, ಅವಳೂ ಬಿದ್ದಿದ್ದಳು. ಸೊಂಟದ ನಾರಿನ ಕಟ್ಟು ಬಿಚ್ಚಿರಲಿಲ್ಲ. ಎರಡೂ ಕೈ ಎಳೆಯ ತುಂಡನ್ನು ಹಿಡಿದೇ ಇದ್ದವು. ಕಲ್ಲು ಉರುಳಿದಾಗ ಅವಳು ಬಿದ್ದು ಸತ್ತಿರಲಿಲ್ಲ. ಎಳೆ ಅವಳನ್ನು ಹಿಡಿದಿತ್ತು. ಹಿಡಿದಷ್ಟು ಹೊತ್ತೂ ಅವಳು ಕರೆದಿದ್ದಳು. ಕರೆದಷ್ಟು ಸಲವೂ ಅವನು ಓಗೊಟ್ಟಿದ್ದ. ಅತಿಯಾದ ತಿರುವಿಗೆ ಎಳೆ ದಣಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ಪಾಲಯ್ಯ ಮನೆಗೆ ಹೋಗಲಿಲ್ಲ. ಕುಟಿಗರ ಹತ್ತಿರ ಉಳಿ ಸುತ್ತಿಗೆ ಕೇಳಿ ತಂದು ಬಂಡೆಯಲ್ಲಿ ಕುಳಿ ಕೊರೆಯತೊಡಗಿದ. ಎರಡು ದಿನದ ಕೆಲಸವನ್ನು ಹನ್ನೊಂದು ದಿನ ಮಾಡಿದ. ಮೊಣಕೈ ಆಳ ಹೋದರೂ ಸಾಲದೆಂದು ಕೊರೆಯುತ್ತಲೇ ಇದ್ದ. ಕಮರಿಯಿಂದ ಕಲ್ಲನ್ನು ಬೆನ್ನ ಮೇಲೆ ಹೊತ್ತು ತಂದು ಕೂರಿಸಿ, ಸುತ್ತ ಸೀಸ ಕಾಯಿಸಿ ಹೊಯ್ದ. ಅಮಾವಾಸ್ಯೆ ಕಳೆದುಹೋಗಿತ್ತು. ಹದಿಮೂರನೆಯ ದಿನ ಕಾಟಣ್ಣ ಬಂದ.

“ನಾಯಕರಿಗೆ ನಾನು ಹೇಳೀನಿ. ಜಾಡು ಎಲ್ಲೂ ಹೋಗಲ್ಲ, ನಿನ್ನದೇ,” ಎಂದ.

ಪಾಲಯ್ಯ ತಲೆಯೆತ್ತಲಿಲ್ಲ. “ಎರಡು ಎಳೆ ಆಗೈತೆ. ಮೂರನೇದಕ್ಕೆ ನಾನು ನಡೀತೀನಿ. ರಾಟೆಗೆ ನೀನು ಕೂರು,” ಎಂದ.

“ನನಗೇನು ಬರ್ತದೋ ಅದು? ಕಲ್ಲೆಳೆಯೋನು ನಾನು.”

“ತಿರುಗಿಸೋದು ಯಾರಿಗಾದರೂ ಬರ್ತದೆ. ಜಗ್ಗಿದ್ದು ತಿಳಿದರೆ ಸಾಕು. ಮೂರು ಜಗ್ಗಿದರೆ, ನಾನು ಬಂದೆ ಅಂತ. ಎರಡು ಜಗ್ಗಿದರೆ, ತಡಿ ಅಂತ.”

“ಒಂದು ಜಗ್ಗಿದರೆ ತಿರುವು ಕೊಡಬೇಕು, ಅಷ್ಟು ಗೊತ್ತು ಬಿಡು.”

“ಅಲ್ಲ,” ಎಂದ ಪಾಲಯ್ಯ. “ಒಂದು ಜಗ್ಗಿದರೆ ಎದ್ದು ಬರಬೇಕು. ರಾಟೆ ಬಿಟ್ಟು, ಕೈಲಿರೋದು ಬಿಟ್ಟು, ಓಡಿ ಬರಬೇಕು.”

ಕೆಂಚಕ್ಕನ ನಾರನ್ನೇ ಸೊಂಟಕ್ಕೆ ಬಿಗಿದುಕೊಂಡು ಪಾಲಯ್ಯ ಮೊದಲ ಸಲ ಆ ಜಾಡಿನಲ್ಲಿ ಹಿಂದೆ ಹಿಂದೆ ನಡೆದ. ಅವಳು ದಿನವೂ ಏನು ಕಾಣುತ್ತಿದ್ದಳೆಂದು ಆಗ ಅವನಿಗೆ ತಿಳಿಯಿತು. ಹುಣಸೆಮರದ ಕೆಳಗೆ ಕೂತವನ ಮುಖ ಮೊದಲು ಮುಖವಾಗಿ, ಆಮೇಲೆ ಬರಿಯ ತಲೆಯಾಗಿ, ಆಮೇಲೆ ನೆರಳಿನಲ್ಲಿ ಒಂದು ಚುಕ್ಕೆಯಾಗಿ, ಉಬ್ಬು ದಾಟುತ್ತಲೂ ಇಲ್ಲವಾಗುವುದು. ಹತ್ತೊಂಬತ್ತು ವರ್ಷ ಅವಳು ಅವನನ್ನು ದಿನಕ್ಕೆ ಮೂರು ಸಲ ಕಳೆದುಕೊಂಡೇ ನಡೆದಿದ್ದಳು. ಆಮೇಲೆ ಗಾಳಿ. ಅವಳು ಹೇಳಿದಂತೆಯೇ, ಯಾರೋ ಹಿಂದೆ ನಿಂತು ಉಸಿರು ಬಿಟ್ಟ ಹಾಗೆ. ಹಿಮ್ಮಡಿಗೆ ಕಲ್ಲು ತಾಗಿತು. ಒತ್ತಿದ, ಮೈಯ ಭಾರವೆಲ್ಲ ಬಿಟ್ಟು ಒತ್ತಿದ. ಕಲ್ಲು ಕದಲಲಿಲ್ಲ.

ಎಳೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಸಲ ಜಗ್ಗಿದ.

ಕಾಟಣ್ಣ ರಾಟೆ ಬಿಟ್ಟು, ಎಡವಿ, ಎದ್ದು, ಏದುಸಿರು ಬಿಡುತ್ತ ಉಬ್ಬು ಹತ್ತಿ ಇಳಿದು ಬಂದ. ಪಾಲಯ್ಯ ಕಲ್ಲಿನ ಮುಂದೆ ಸುಮ್ಮನೆ ನಿಂತಿದ್ದ.

“ಏನಾಯ್ತೋ? ಏನಾಯ್ತು?”

“ಏನೂ ಆಗಲಿಲ್ಲ.”

“ಮತ್ತೆ ಯಾಕೋ ಕರೆದೆ, ಪುಣ್ಯಾತ್ಮ! ನನ್ನ ಜೀವ ಬಾಯಿಗೆ ಬಂತು.”

“ಅಲ್ಲಿಂದ ಇಲ್ಲಿಗೆ ಬರೋಕೆ ಎಷ್ಟು ಹೊತ್ತಾಗ್ತದೆ ಅಂತ ನೋಡಬೇಕಿತ್ತು ಅಣ್ಣ,” ಎಂದ ಪಾಲಯ್ಯ.

ಕಾಟಣ್ಣ ಓಡಿಬಂದ ಹೊತ್ತು ಬಲು ಸಣ್ಣದಾಗಿತ್ತು. ಕೆಂಚಕ್ಕ ನಾಲ್ಕು ಸಲ ಜಗ್ಗಿದ್ದಳು. ಮೊದಲನೆಯ ಜಗ್ಗಿಗೂ ಮೂರನೆಯದಕ್ಕೂ ನಡುವೆ ಕಳೆದಷ್ಟು ಹೊತ್ತಿನೊಳಗೇ ಕಾಟಣ್ಣ ಬಂದು ಮುಟ್ಟಿದ್ದ. ಪಾಲಯ್ಯ ಆಗ ಕೂತ. ಅಷ್ಟು ದಿನ ಅಳದಿದ್ದವನು ಆಗ ಅತ್ತನೆನ್ನುತ್ತಾರೆ.

ಹಗ್ಗವಾಯಿತು. ಮೇಲುಗಲ್ಲು ಏರಿತು. ಎಳೆಯುವ ದಿನ ಆಳುಗಳು ವಾಡಿಕೆಯಂತೆ ‘ಐಸಾ’ ಎನ್ನಲು ಬಾಯಿ ತೆರೆದಾಗ ಕಾಟಣ್ಣ ತಡೆದು, “ಬಂದೇ ಅನ್ರೋ. ಮೂರು ಸಲ ಅನ್ರಿ,” ಎಂದನಂತೆ. ಇಂದಿಗೂ ಆ ಸುತ್ತಿನ ಹಳ್ಳಿಗಳಲ್ಲಿ ಕೆಸರಿಗೆ ಸಿಕ್ಕ ಗಾಡಿ ಎಳೆಯುವಾಗ, ಬಾವಿಯಿಂದ ಹೂಳು ಎತ್ತುವಾಗ, “ಬಂದೇ, ಬಂದೇ, ಬಂದೇ” ಎಂದೇ ಕೂಗುತ್ತಾರೆ. ಭಾರವು ಬಂತೆಂದು ಹಾಗೆನ್ನುವುದು ಎಂದು ಹಲವರು ತಿಳಿದಿದ್ದಾರೆ. ನಾರಿನಹಟ್ಟಿಯವರು ತಿದ್ದಲು ಹೋಗುವುದಿಲ್ಲ. ಪಾಲಯ್ಯ ಆಮೇಲೆ ರಾಟೆ ಮುಟ್ಟಲಿಲ್ಲ. ಜಾಡಿಗೆ ಬಂದ ಹೊಸಬರಿಗೆ ಜಗ್ಗುಮಾತು ಕಲಿಸಿಕೊಡುತ್ತ, ಅಂಚಿನ ಕಲ್ಲಿನ ಹತ್ತಿರ ಕೂತು ಮುದುಕನಾದ.

ಕೋಟೆಯ ಹೆಬ್ಬಾಗಿಲು ಈಗಲೂ ಇದೆ, ಮೇಲುಗಲ್ಲಿನ ಕೆಳಗೆ ಹಾದು ಜನ ಗುಡ್ಡ ಹತ್ತುತ್ತಾರೆ. ನಿಲ್ಲುಗಲ್ಲೂ ಇದೆ, ಸೀಸದ ಕಪ್ಪು ಬಳೆಯೊಳಗೆ ಇನ್ನೂ ಭದ್ರವಾಗಿ ಕೂತಿದೆ. ಬಂಡೆಯಂಚಿನ ಸವೆತ ತೋರಿಸುವವರಿದ್ದಾರೆ, ಅದು ಮಳೆನೀರಿನದೆನ್ನುವವರೂ ಇದ್ದಾರೆ. ಅಂಗಡಿಗಳಲ್ಲಿ ನೈಲಾನ್ ಹಗ್ಗ ಬಂದು ಎಷ್ಟೋ ಕಾಲವಾಯಿತು. ಆದರೂ ಎರಡು ಮನೆಯವರು ಪುಂಡಿ ನಾರಿನ ಹಗ್ಗ ಹೊಸೆಯುತ್ತಾರೆ. ಬೇಸಿಗೆಯಲ್ಲಿ ಹೋದರೆ ಹುಣಸೆಮರದ ಕೆಳಗೆ ರಾಟೆ ತಿರುಗುವುದನ್ನು ನೋಡಬಹುದು. ಹೆಚ್ಚು ತಿರುವು ಬೇಕಾದರೆ ಅವರು ಈಗ ನಾಲ್ಕು ಸಲ ಜಗ್ಗುತ್ತಾರೆ. ಗಾಳಿಗೋ, ಕೈತಪ್ಪಿಯೋ, ದಾರಿಹೋಕ ದನ ತಾಗಿಯೋ ಎಳೆ ಒಂದೇ ಒಂದು ಸಲ ಅಲುಗಿದರೆ ಸಾಕು, ರಾಟೆಯವನು ಕೆಲಸ ಕೆಟ್ಟರೂ ಬಿಟ್ಟು ಎದ್ದು ಉಬ್ಬಿನ ಕಡೆ ಓಡುತ್ತಾನೆ. ನೋಡುತ್ತ ನಿಂತ ಪ್ರವಾಸಿಗರು ನಗುತ್ತಾರೆ. ಅವನು ಆಚೆ ಇಳಿದು, ಕಲ್ಲಿನವರೆಗೂ ಹೋಗಿ, ನಡೆಯುವವಳು ನಿಂತಿರುವುದನ್ನು ಕಣ್ಣಾರೆ ಕಂಡು, ತಿರುಗಿ ಬಂದು ರಾಟೆಗೆ ಕೂರುತ್ತಾನೆ.